ಮೋಟಾರಿಲ್ಲದ ದಾರಿಯ ಸವಾರರು

ಫ್ರಾನ್ಸ್ ದೇಶದ ಹಳ್ಳಿಗಳಲ್ಲಿ ಸೋಮವಾರ ಬ್ರೆಡ್ಡಿನ ಅಂಗಡಿ ಮುಚ್ಚಿರುತ್ತದೆ ಎಂಬುದು ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನ ನಮ್ಮ ವಿದ್ಯುತ್ ಸ್ಥಾವರದ ಕ್ಯಾಂಟೀನಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಪಾಸ್‌ಪೋರ್ಟು ಹೇಗಿರುತ್ತದೆಂದು ನೋಡದವರೂ ನಮ್ಮ ಸಾಹೇಬರಿಗೆ, ಸೋಮವಾರ ಮಾತ್ರ ಹೊರಡಬೇಡಿ ಸಾರ್, ಉಪವಾಸ ಬೀಳುತ್ತೀರಿ ಎಂದು ಬುದ್ಧಿ ಹೇಳುತ್ತಿದ್ದರು. ಸಾಹೇಬರು ಗಂಭೀರವಾಗಿ ತಲೆಯಾಡಿಸಿ, ಭಾನುವಾರವೇ ಎರಡು ಬ್ರೆಡ್ಡು ಹೆಚ್ಚಿಗೆ ಕಟ್ಟಿಸಿಕೊಳ್ಳುವುದಾಗಿ ಒಪ್ಪಿಕೊಳ್ಳುತ್ತಿದ್ದರು.

ಅವರು ಮೊನ್ನೆ ವಿಶಾಖಪಟ್ನಂನಲ್ಲಿ ತೀರಿಕೊಂಡರು. ವಯಸ್ಸಾಗಿತ್ತು, ಮಲಗಿ ನರಳಲಿಲ್ಲ. ಫ್ರಾನ್ಸಿಗೆ ಮಾತ್ರ ಅವರು ಒಮ್ಮೆಯೂ ಹೋಗಲಿಲ್ಲ. ಕೊನೆಕೊನೆಗೆ ನಾನು ಫೋನಿನಲ್ಲಿ ಯಾಕೆ ಹೋಗಲಿಲ್ಲ ಎಂದು ಕೇಳಿದಾಗ, ನೋಡಿದ ಊರಿಗೆ ಮತ್ತೆ ಏನು ಹೋಗುವುದು ಎಂದು ನನ್ನನ್ನೇ ದಬಾಯಿಸಿದ್ದರು. ಅವರ ಹೆಸರು ಇಲ್ಲಿ ಹಾಕುವುದಿಲ್ಲ. ಅವರ ಹೆಂಡತಿಗೆ ಕನ್ನಡ ಓದಲು ಬರುವುದಿಲ್ಲ, ಯಾರ ಕೈಲಾದರೂ ಓದಿಸಿ ಕೇಳುತ್ತಾರೆ. ಹೆಸರು ಬಂದರೆ ಓದುವವರ ಎದುರು ಅವರಿಗೆ ಸಂಕೋಚ. ಉಳಿದದ್ದನ್ನೆಲ್ಲ ಬರೆ ಎಂದು ಅವರೇ ಅಪ್ಪಣೆ ಕೊಟ್ಟಿದ್ದಾರೆ.

ನಾನು ಆ ಸ್ಥಾವರದ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದೆ. ತುಮಕೂರಿನವಳು. ಸಾಹೇಬರು ಗದಗಿನವರು, ನದಿಯಿಂದ ನೀರು ಎತ್ತುವ ಪಂಪುಗಳ ವಿಭಾಗಕ್ಕೆ ಹಿರಿಯ ಎಂಜಿನಿಯರು. ಸುತ್ತ ಎಲ್ಲಿ ನೋಡಿದರೂ ತೆಲುಗು ಇದ್ದ ಕಡೆ ಕನ್ನಡ ಮಾತಾಡುವ ಇನ್ನೊಂದು ಬಾಯಿ ಸಿಕ್ಕಿತೆಂದು ಅವರಿಗೆ ಖುಷಿ. ಆದರೆ ನನ್ನ ಕನ್ನಡ ಕನ್ನಡವೇ ಅಲ್ಲ ಎಂಬುದು ಅವರ ಅಭಿಪ್ರಾಯ. ಒಗ್ಗರಣೆ ಹಾಕದ ಸಾರಿನ ಹಾಗಿದೆ ಎನ್ನುತ್ತಿದ್ದರು. ನನ್ನನ್ನು ತಂಗಿ ಎಂದೇ ಕರೆಯುತ್ತಿದ್ದರು, ಏಕವಚನದಲ್ಲಿ. ಬೇರೆ ಯಾರಾದರೂ ಹಾಗೆ ಕರೆದಿದ್ದರೆ ನಾನು ಜಗಳವಾಡುತ್ತಿದ್ದೆ.

ಅವರ ಹೆಂಡತಿ ವಿಶಾಖಪಟ್ನಂನ ತೆಲುಗಿನವರು. ಮದುವೆಯಾಗಿ ಗದಗಿಗೆ ಹೋದ ಹೊಸತರಲ್ಲಿ ಅತ್ತೆಯಿಂದ ಕನ್ನಡ ಕಲಿತದ್ದರಿಂದ ಅವರ ಬಾಯಲ್ಲಿ ಗಂಡನಿಗಿಂತ ಗಟ್ಟಿಯಾದ ಗದಗಿನ ಕನ್ನಡ ಬರುತ್ತಿತ್ತು. ಗಂಡನನ್ನು ಕರೆಯುವಾಗ ಮಾತ್ರ ತೆಲುಗಿನ ‘ಏಮಂಡಿ’ ಬಿಟ್ಟಿರಲಿಲ್ಲ. ಆ ಒಂದು ಶಬ್ದಕ್ಕೆ ಸಾಹೇಬರು ಎಲ್ಲಿದ್ದರೂ ಎದ್ದು ನಿಲ್ಲುತ್ತಿದ್ದರು.

ಈಗ ಫ್ರಾನ್ಸಿನ ವಿಷಯ. ನಾನು ಕೆಲಸಕ್ಕೆ ಸೇರಿದ ವರ್ಷವೇ ಹೊಸ ಪಂಪು ಕೂಡಿಸಲು ಆ ದೇಶದಿಂದ ಒಬ್ಬ ತಂತ್ರಜ್ಞ ಬಂದು ಗೆಸ್ಟ್ ಹೌಸಿನಲ್ಲಿ ಮೂರು ವಾರ ಇದ್ದ. ಉದ್ದನೆಯ ಮನುಷ್ಯ, ಮೊಸರನ್ನ ಬಿಟ್ಟರೆ ಬೇರೇನೂ ತಿನ್ನುತ್ತಿರಲಿಲ್ಲ. ಅವನಿಗೆ ಸೈಕಲ್ ಹುಚ್ಚು. ನಮ್ಮ ಸಾಹೇಬರಿಗೂ ಅದೇ ಹುಚ್ಚು. ಇಪ್ಪತ್ತನೆಯ ವಯಸ್ಸಿನಲ್ಲಿ ಗದಗಿನಿಂದ ಹಂಪಿಗೆ ಸೈಕಲ್ ತುಳಿದವರು, ಅದನ್ನು ದಿನಕ್ಕೊಮ್ಮೆಯಾದರೂ ಹೇಳದೆ ಬಿಟ್ಟವರಲ್ಲ. ಇಬ್ಬರೂ ಮುರುಕು ಇಂಗ್ಲಿಷಿನಲ್ಲಿ ಮಾತಾಡಿ ಮಾತಾಡಿ ಗೆಳೆಯರಾದರು. ಅವನ ಹಳ್ಳಿಯ ಪಕ್ಕ ಒಂದು ಹಳೆಯ ರೈಲು ದಾರಿ ಇತ್ತಂತೆ. ರೈಲು ನಿಂತ ಮೇಲೆ ಹಳಿ ಕಿತ್ತು, ನೆಲ ಸಮ ಮಾಡಿ, ಸೈಕಲ್ಲಿನವರಿಗೆ ಬಿಟ್ಟುಕೊಟ್ಟರಂತೆ. ಅದು ಮುಂದೆ ಹೋಗಿ ಒಂದು ಕಾಲುವೆಯ ಏರಿಗೆ ಸೇರುತ್ತದೆ. ಹೊಲ, ದ್ರಾಕ್ಷಿ ತೋಟ, ದನ. ಒಂದು ಕಾರಿಲ್ಲ, ಲಾರಿಯಿಲ್ಲ, ಸ್ಕೂಟರಿಲ್ಲ. ದಿನಗಟ್ಟಲೆ ತುಳಿದರೂ ಒಂದು ಹಾರ್ನ್ ಕೇಳುವುದಿಲ್ಲ. ಲಾರಿಗಳು ಹಗಲೂ ರಾತ್ರಿ ಸ್ಥಾವರದ ಕಲ್ಲಿದ್ದಲ ಬೂದಿ ಹೊತ್ತು ಓಡುವ ಇಬ್ರಾಹಿಂಪಟ್ನಂನಲ್ಲಿ ಕೂತು ಇದನ್ನು ಕೇಳಿದವರಿಗೆ ಹುಚ್ಚು ಹಿಡಿಯದೆ ಇದ್ದೀತೇ.

ಅವನು ಊರಿಗೆ ಹೋಗಿ ಒಂದು ನಕ್ಷೆ, ಒಂದು ಪುಸ್ತಿಕೆ ಕಳಿಸಿದ. ಪುಸ್ತಿಕೆ ಫ್ರೆಂಚಿನಲ್ಲಿತ್ತು. ಸಾಹೇಬರು ವಿಜಯವಾಡದ ಹಳೇ ಪುಸ್ತಕದ ಅಂಗಡಿಯಿಂದ ನಿಘಂಟು ತಂದು ಆರು ತಿಂಗಳು ಕೂತು ಅದನ್ನು ಬಿಡಿಸಿದರು. ಹಳೆಯ ರೈಲು ಸ್ಟೇಷನ್ನು ಈಗ ಚಹಾದಂಗಡಿಯಾಗಿರುವುದು, ಸುರಂಗದೊಳಗೆ ಮನುಷ್ಯರು ಕಾಲಿಟ್ಟರೆ ತಾನೇ ದೀಪ ಹತ್ತುವುದು, ಒಂದು ಹಳ್ಳಿಯ ಚರ್ಚಿನ ಗಂಟೆ ಪ್ರತಿ ತಾಸನ್ನೂ ಎರಡು ಸಲ ಹೊಡೆಯುವುದು, ಎಲ್ಲ ಕ್ಯಾಂಟೀನಿಗೆ ವರದಿಯಾಯಿತು. ಆ ಎರಡು ಸಲದ ಗಂಟೆ ಅವರಿಗೆ ಬಹಳ ಹಿಡಿಸಿತು. ಮೊದಲ ಸಲ ಎಣಿಸದವರಿಗೆ ಎರಡನೆಯದು, ಎಂಥ ಶಾಣ್ಯಾ ಮಂದಿ ನೋಡು ಎಂದರು. ಆಮೇಲೆ ತಮ್ಮ ವಿಭಾಗದಲ್ಲಿ ಪ್ರತಿ ಸೂಚನೆಯನ್ನೂ ಎರಡು ನಿಮಿಷ ಬಿಟ್ಟು ಎರಡನೇ ಸಲ ಹೇಳತೊಡಗಿದರು. ಫಿಟ್ಟರುಗಳು ಮೊದಲನೆಯದನ್ನು ಕೇಳುವುದನ್ನೇ ಬಿಟ್ಟರು.

ಮಾರನೆಯ ವರ್ಷ ಹೆದ್ದಾರಿಯಲ್ಲಿ ಒಂದು ಲಾರಿ ಅವರ ಸೈಕಲ್ಲಿಗೆ ಸವರಿಕೊಂಡು ಹೋಯಿತು. ಭುಜದ ಎಲುಬು ಮುರಿಯಿತು. ಲಾರಿ ನಿಲ್ಲಲಿಲ್ಲ. ಎರಡು ತಿಂಗಳು ಕೈ ಕಟ್ಟಿಕೊಂಡು ಮನೆಯಲ್ಲಿದ್ದು, ಕೆಲಸಕ್ಕೆ ಬಂದ ದಿನ ಕ್ಯಾಂಟೀನಿನಲ್ಲಿ ಎಲ್ಲರ ಎದುರು ಘೋಷಿಸಿದರು: ಮೋಟಾರು ಓಡುವ ಯಾವ ರಸ್ತೆಯಲ್ಲೂ ಇನ್ನು ಸೈಕಲ್ ಹತ್ತುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಾಗಿದೆ. ಹೆಂಗಸರ ಹಠ, ಏನು ಮಾಡುವುದು.

ಕ್ವಾರ್ಟರ್ಸಿನ ಹೆಂಗಸರೆಲ್ಲ ಸಾಹೇಬರ ಹೆಂಡತಿಯ ಮೇಲೆ ಬಿದ್ದರು. ಅಷ್ಟು ಸೈಕಲ್ ಪ್ರೀತಿಯ ಗಂಡಸನ್ನು ಕಟ್ಟಿಹಾಕಿದ ಗಯ್ಯಾಳಿ ಎಂದು ಪೂಜೆ ಪುನಸ್ಕಾರದಲ್ಲೂ ಆಡಿಕೊಂಡರು. ನಾನೂ ಒಂದು ಮಾತು ಸೇರಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆಕೆ ಮಾತ್ರ ಯಾರಿಗೂ ಉತ್ತರ ಕೊಡಲಿಲ್ಲ.

ಸಾಹೇಬರು ಮಾತಿಗೆ ತಪ್ಪುವವರಲ್ಲ. ನದಿಯಿಂದ ಸ್ಥಾವರಕ್ಕೆ ನೀರು ತರುವ ಕಾಲುವೆಯ ಏರಿಯ ಮೇಲೆ ಗಾಡಿ ಬಿಡುತ್ತಿರಲಿಲ್ಲ. ಅಲ್ಲಿ ತುಳಿಯಲು ಪರವಾನಗಿ ಬರೆಸಿಕೊಂಡರು. ಆದರೆ ಕ್ವಾರ್ಟರ್ಸಿನಿಂದ ಏರಿಗೆ ಹೋಗಬೇಕಾದರೆ ಹೆದ್ದಾರಿ ಅಡ್ಡ. ಅದಕ್ಕೆ ಪ್ರತಿ ಭಾನುವಾರ ಬೆಳಿಗ್ಗೆ ಪಕ್ಕದ ಊರು ಕೊಂಡಪಲ್ಲಿಯಿಂದ ಒಂದು ಆಟೋ ಬರುತ್ತಿತ್ತು. ಸೈಕಲ್ಲನ್ನು ಆಟೋದೊಳಗೆ ಅಡ್ಡಡ್ಡ ತುರುಕಿ, ಹಿಂದಿನ ಚಕ್ರ ಹೊರಗೆ ಜೋತುಬಿದ್ದು, ಸಾಹೇಬರು ಡ್ರೈವರನ ಪಕ್ಕದಲ್ಲಿ ಅರ್ಧ ಕುಂಡೆ ಊರಿ, ಟೊಪ್ಪಿಗೆ ಹಾಕಿಕೊಂಡು ಸೈಕಲ್ ತುಳಿಯಲು ಹೊರಡುತ್ತಿದ್ದರು. ಆ ಮೆರವಣಿಗೆ ನೋಡಲು ನಾವು ಬಾಲ್ಕನಿಗೆ ಬರುತ್ತಿದ್ದೆವು. ಅವರು ಮೇಲೆ ನೋಡಿ ಕೈ ಬೀಸುತ್ತಿದ್ದರು, ನಗುತ್ತಿರಲಿಲ್ಲ.

ಒಂದು ಸಲ ವಿಜಯವಾಡದ ಕಾಲುವೆಗಳ ಏರಿಯ ಮೇಲೂ ಮೋಟಾರಿಲ್ಲದ ದಾರಿ ಹುಡುಕುತ್ತೇನೆಂದು ಹೊರಟು, ಸಹೋದ್ಯೋಗಿಗಳಲ್ಲಿ ಒಬ್ಬಳೇ ಕನ್ನಡತಿ ಎಂಬ ತಪ್ಪಿಗೆ ನನ್ನನ್ನೂ ಕರೆದುಕೊಂಡು ಹೋದರು. ಏರಿಯ ಮೇಲೆ ಮಂಚ ಹಾಕಿಕೊಂಡು ಜನ ಮಲಗಿದ್ದರು. ಸೀರೆ ಒಣಗುತ್ತಿತ್ತು, ಎಮ್ಮೆ ಕಟ್ಟಿತ್ತು, ಒಬ್ಬ ಕ್ಷೌರಿಕ ಕುರ್ಚಿ ಹಾಕಿ ಗಿರಾಕಿಗೆ ಸೋಪು ಹಚ್ಚುತ್ತಿದ್ದ. ಸಾಹೇಬರು ಸೈಕಲ್ ಹಿಡಿದು ಎಲ್ಲರಿಗೂ ಕ್ಷಮೆ ಕೇಳುತ್ತ ಅರ್ಧ ಮೈಲು ಹೋಗಿ, ನೋಟ್‌ಬುಕ್ಕಿನಲ್ಲಿ ‘ಮೋಟಾರು ವಾಹನ ಇಲ್ಲ’ ಎಂದು ಬರೆದುಕೊಂಡರು. ನಿಜವೇ, ಇರಲಿಲ್ಲ.

ಕಾಲುವೆಯ ಏರಿ ಹೋಗಿ ಬರಲು ಏಳು ಕಿಲೋಮೀಟರ್. ಅವರು ಪ್ರತಿ ಭಾನುವಾರದ ಏಳನ್ನು ಫ್ರಾನ್ಸಿನ ನಕ್ಷೆಯ ಮೇಲೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದರು. ಸೋಮವಾರ ಬೆಳಿಗ್ಗೆ ಕ್ಯಾಂಟೀನಿನಲ್ಲಿ ನಮ್ಮ ಮೊದಲ ಪ್ರಶ್ನೆಯೇ ಸಾಹೇಬರು ಈಗ ಎಲ್ಲಿದ್ದಾರೆ ಎಂಬುದು. ಎರಡು ಚರ್ಚಿನ ಊರು ದಾಟಿದೆ, ಎನ್ನುವರು. ಏರು ಜಾಸ್ತಿ, ಕಾಲು ಹಿಡಿದಿದೆ, ಎನ್ನುವರು. ಇಬ್ರಾಹಿಂಪಟ್ನಂನ ಏರಿ ಹಪ್ಪಳ ಒಣಗಿಸುವಷ್ಟು ಸಮತಟ್ಟು.

ನಿಜವಾದ ಫ್ರಾನ್ಸಿಗೆ ಹೋಗಲು ಒಂದೇ ಒಂದು ಅಡ್ಡಿ ಇತ್ತು, ಗೆಳೆಯ ಆಮೇಲೆ ಕಾಗದದಲ್ಲಿ ತಿಳಿಸಿದ್ದು. ದಾರಿಯ ನಡುವೆ ಮೂರು ಕಿಲೋಮೀಟರ್ ಹಳೆಯ ರೈಲು ಜಾಗ ಒಬ್ಬ ಮುದುಕ ರೈತನ ಸ್ವಾಧೀನದಲ್ಲಿತ್ತು. ದನ ಮೇಯುವ ಜಾಗ, ಕೊಡುವುದಿಲ್ಲ ಎಂದು ಕೂತಿದ್ದ. ಆ ಮೂರು ಕಿಲೋಮೀಟರ್ ಮಾತ್ರ ಲಾರಿ ಓಡುವ ರಸ್ತೆಯಲ್ಲಿ ಹೋಗಬೇಕು. ಹೆಂಡತಿಗೆ ಕೊಟ್ಟ ಮಾತು ಮುರಿಯುವಂತಿಲ್ಲ. ಹಾಗಾಗಿ ನಮ್ಮ ಇಡೀ ಸ್ಥಾವರ ಆ ಹಳ್ಳಿಯ ಪಂಚಾಯಿತಿ ಅವನನ್ನು ಒಪ್ಪಿಸಲೆಂದು ಕಾಯತೊಡಗಿತು. ಹೊಸ ವರ್ಷಕ್ಕೆ ಗೆಳೆಯನ ಕಾಗದ ಬಂದರೆ ಸಾಕು, ಟರ್ಬೈನಿನ ಮೇಸ್ತ್ರಿ ಓಡಿ ಬಂದು ‘ಆ ರೈತು ಇಂಕಾ ಒಪ್ಪುಕೋಲೇದಾ ಸಾರ್’ ಎಂದು ಕೇಳುವನು. ಇನ್ನೂ ಒಪ್ಪಿಲ್ಲ ಎಂದರೆ ಎಲ್ಲರೂ ಸೇರಿ ಮುದುಕನಿಗೆ ಬೈಯುವರು. ನಮ್ಮ ಅಟೆಂಡರ್ ಒಬ್ಬರು ಮಾತ್ರ ಅವನ ಪರ. ಅವರ ತಂದೆಯ ಹೊಲ ಸರ್ಕಾರಕ್ಕೆ ಹೋಗಿತ್ತು. ಕೊಡಬಾರದು, ಸೈಕಲ್ ಅಂತ ಹೇಳಿ ಬೂದಿ ಹೊಂಡ ಮಾಡುತ್ತಾರೆ ಎಂದು ಅವರು ಫ್ರಾನ್ಸಿನ ರೈತನಿಗೆ ಇಲ್ಲಿಂದಲೇ ಎಚ್ಚರಿಕೆ ಕೊಡುತ್ತಿದ್ದರು.

ಒಮ್ಮೆ ನಾನು ಸಾಹೇಬರನ್ನು ಕೇಳಿಯೇಬಿಟ್ಟೆ. ಆ ಮೂರು ಕಿಲೋಮೀಟರ್ ಸೈಕಲ್ ತಳ್ಳಿಕೊಂಡು ನಡೆದರೆ ಆಯಿತಲ್ಲ, ತಳ್ಳಬಾರದು ಅಂತ ಮಾತೇನೂ ಕೊಟ್ಟಿಲ್ಲವಲ್ಲ ಎಂದೆ. ಅವರು ಚಹಾದ ಲೋಟ ಕೆಳಗಿಟ್ಟು, "ತಂಗಿ, ಅಷ್ಟು ದೂರ ಹೋಗಿ ತಳ್ಳಿಕೋತ ನಡದ್ರ ಮಂದಿ ನಗ್ತಾರ" ಎಂದರು. ನಾನು ಆಗ ಇದನ್ನು ಜಂಭ ಎಂದುಕೊಂಡೆ.

ಒಂದು ಭಾನುವಾರ ಮಳೆಯ ನೀರು ಬಂದು ಕಾಲುವೆ ಕೆಂಪಾಗಿತ್ತು. ಎಷ್ಟು ಮಣ್ಣು ಬರುತ್ತಿದೆ ನೋಡಬೇಕೆಂದು ನನಗೆ ಕರೆ ಬಂತು. ಬಾಟಲಿಗಳನ್ನು ತೆಗೆದುಕೊಂಡು ಏರಿಯ ನಡುಭಾಗದ ತೂಬಿನ ಹತ್ತಿರ ಹೋದೆ. ನೀರು ತುಂಬಿಕೊಂಡು ತಲೆಯೆತ್ತಿದರೆ ದೂರದಲ್ಲಿ ಸಾಹೇಬರು. ಸೈಕಲ್ಲಿನ ಎರಡೂ ಬದಿಗೆ ಚೀಲ, ತಲೆಗೆ ಟೊಪ್ಪಿಗೆ, ಕೈಯಲ್ಲಿ ಹ್ಯಾಂಡಲ್ಲು. ಅವರು ನಡೆಯುತ್ತಿದ್ದರು. ಗಾಳಿ ಹೋಗಿರಬೇಕೆಂದುಕೊಂಡು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನಿಂತರು. ಎಡಗಾಲು ಪೆಡಲಿನ ಮೇಲಿಟ್ಟು, ಬಲಗಾಲಿನಲ್ಲಿ ಕುಂಟುತ್ತ ಮೂರು ಹೆಜ್ಜೆ ಓಡಿದರು. ಬಲಗಾಲು ಮೇಲೆ ಏಳಲಿಲ್ಲ. ಇಳಿದು ನಿಂತು ಹಣೆ ಒರೆಸಿಕೊಂಡರು. ಸ್ವಲ್ಪ ಮುಂದೆ ಬಂದು ಮತ್ತೆ ಅದೇ. ಮತ್ತೆ ಮೂರು ಹೆಜ್ಜೆ, ಮತ್ತೆ ನಿಂತರು. ಏರಿಯ ಮೇಲೆ ಗಾಡಿಯಿರಲಿ, ಒಂದು ನಾಯಿಯೂ ಇರಲಿಲ್ಲ.

ನಾನು ಬಾಟಲಿಗಳನ್ನು ಎದೆಗವಚಿಕೊಂಡು ತೂಬಿನ ಗೋಡೆಯ ಹಿಂದೆ ಕೂತುಬಿಟ್ಟೆ. ಅವರು ಸೈಕಲ್ಲಿನ ಚಕ್ರ ಕಿರುಗುಟ್ಟಿಸುತ್ತ ನಡೆದು ಹೋದರು. ಲಾರಿ ಬಡಿದ ಮೇಲೆ ಅವರು ಸೈಕಲ್ ಹತ್ತಿಯೇ ಇಲ್ಲ ಎಂದು ನನಗೆ ಆಗ ಹೊಳೆಯಿತು. ಪ್ರತಿ ಭಾನುವಾರ ಏಳು ಕಿಲೋಮೀಟರ್ ನಡೆದು ಬಂದು, ಸೋಮವಾರ ನಮಗೆ ಕಾಲು ನೋವಿನ ಕತೆ ಹೇಳುತ್ತಿದ್ದರು. ಕಾಲು ನೋವಾದರೂ ನಿಜವಾಗಿತ್ತು. ಬಾಲ್ಕನಿಯಲ್ಲಿ ನಿಂತು ನಕ್ಕದ್ದೆಲ್ಲ ನೆನಪಾಗಿ ನನಗೆ ಬಹಳ ನಾಚಿಕೆಯಾಯಿತು.

ಮರುದಿನ ಕ್ಯಾಂಟೀನಿನಲ್ಲಿ ಎಂದಿನಂತೆ ಎಲ್ಲಿಯವರೆಗೆ ಬಂತು ಸವಾರಿ ಎಂದು ಎಲ್ಲರೂ ಕೇಳಿದರು. ಸುರಂಗ ದಾಟಿದೆ ಎಂದರು. ನಾನೂ ಏನಾದರೂ ಕೇಳದಿದ್ದರೆ ಅನುಮಾನ ಬರುತ್ತದೆಂದು, ದೀಪ ಹತ್ತಿತಾ ಸಾರ್ ಎಂದೆ. ಹತ್ತಿತು ಎಂದರು. ಆಮೇಲೂ ನಾನು ಅವರನ್ನು ಕೀಟಲೆ ಮಾಡುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಅವರಿಗೆ ಗೊತ್ತಾಗಿಬಿಡುತ್ತಿತ್ತು. ಯಾರಿಗೂ ಹೇಳಲೂ ಇಲ್ಲ. ಅವರೊಮ್ಮೆ ಮತ್ತೆ ಸೈಕಲ್ ಹತ್ತಲಿ ಎಂಬುದು ಆವತ್ತಿನಿಂದ ನನ್ನದೇ ಹರಕೆಯಂತಾಯಿತು.

ಅವರ ನಿವೃತ್ತಿಯ ದಿನಕ್ಕೆಂದು ಎಲ್ಲರೂ ಸೇರಿ ಕೊಂಡಪಲ್ಲಿಯಲ್ಲಿ ಒಂದು ಮರದ ಬೊಂಬೆ ಮಾಡಿಸಿದರು. ಸೈಕಲ್ ಮೇಲೆ ಕೂತ ಸಾಹೇಬರು ಬೇಕೆಂದು ಹೇಳಿದ್ದರು. ಬೊಂಬೆಯವನಿಗೆ ಕೂತ ಕಾಲು ಕೂಡಿಸಲು ಬರಲಿಲ್ಲವೋ ಏನೋ, ಸೈಕಲ್ ಪಕ್ಕ ನಿಂತು ಹ್ಯಾಂಡಲ್ ಹಿಡಿದ ಸಾಹೇಬರನ್ನು ಮಾಡಿ ಕೊಟ್ಟಿದ್ದ. ವೇದಿಕೆಯ ಮೇಲೆ ಕಾಗದ ಬಿಚ್ಚಿದಾಗ ಎಲ್ಲರೂ ಹೋ ಎಂದು ನಕ್ಕರು. ಸಾಹೇಬರು ಬೊಂಬೆಯನ್ನು ಬಹಳ ಹೊತ್ತು ತಿರುಗಿಸಿ ನೋಡಿ, ಭಾಳ ಛಲೋ ಮಾಡ್ಯಾನ, ಕರೆಕ್ಟ್ ಮಾಡ್ಯಾನ ಎಂದರು. ನನಗೆ ನಗು ಬರಲಿಲ್ಲ.

ಅವರು ವಿಶಾಖಪಟ್ನಂನ ಎಂವಿಪಿ ಕಾಲೋನಿಗೆ, ಹೆಂಡತಿಯ ತವರಿನವರ ಹತ್ತಿರದ ಒಂದು ಅಪಾರ್ಟ್‌ಮೆಂಟಿಗೆ ಹೋದರು. ಒಂದು ವರ್ಷವಾದ ಮೇಲೆ ಫ್ರಾನ್ಸಿನ ಕಾಗದ ಹಳೆಯ ವಿಳಾಸಕ್ಕೆ, ಅಂದರೆ ಸ್ಥಾವರಕ್ಕೆ ಬಂತು. ಹೊರಗಿನಿಂದಲೇ ಅದು ಏನೆಂದು ತಿಳಿದು, ಫೋನು ಮಾಡಿ ಅವರ ಅಪ್ಪಣೆ ಪಡೆದು ಕ್ಯಾಂಟೀನಿನಲ್ಲೇ ಒಡೆದೆವು. ಮುದುಕ ಒಪ್ಪಿದ್ದ. ದಾರಿ ಕೂಡಿತ್ತು. ಈ ತುದಿಯಿಂದ ಆ ತುದಿಗೆ ಒಂದು ಮೋಟಾರಿಲ್ಲ, ವಸಂತದಲ್ಲಿ ಬಾ ಎಂದು ಗೆಳೆಯ ಬರೆದಿದ್ದ. ಮೇಸ್ತ್ರಿ ಎಲ್ಲರಿಗೂ ಚಹಾ ಕೊಡಿಸಿದ. ಅಟೆಂಡರ್ ಮಾತ್ರ ತಲೆ ಚಚ್ಚಿಕೊಂಡರು. ಆ ವಾರವೇ ನಾನು ಬೇರೆ ಕೆಲಸದ ಮೇಲೆ ವಿಶಾಖಪಟ್ನಂಗೆ ಹೋಗುವುದಿತ್ತು, ಕಾಗದ ನನ್ನ ಕೈಗೆ ಬಂತು.

ಕೊಟ್ಟೆ. ಸಾಹೇಬರು ಓದಿದರು. ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ಓದಿದರು. ಸಂತೋಷಪಡಬೇಕಾದ ಮುಖ ಸಪ್ಪಗಾಯಿತು. ಇನ್ನು ಯಾರನ್ನೂ ದೂರುವಂತಿರಲಿಲ್ಲ. ಒಳ್ಳೇದಾತು ಎಂದು ಹೇಳಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರನ್ನೇ ನೋಡುತ್ತಿದ್ದರು.

ಆ ಕಾಲಕ್ಕೆ ಬೀಚ್ ರಸ್ತೆಯ ಒಂದು ಭಾಗದಲ್ಲಿ ಬೆಳಗಿನ ಹೊತ್ತು ವಾಕಿಂಗಿನವರಿಗಾಗಿ ವಾಹನ ತಡೆಯುತ್ತಿದ್ದರು. ಸಾಹೇಬರು ದಿನಾ ಅಲ್ಲಿಗೆ ಸೈಕಲ್ ಒಯ್ಯುತ್ತಿದ್ದರು. ಒಯ್ಯುತ್ತಿದ್ದರು ಅಷ್ಟೇ. ಹತ್ತಲು ಏನು ಧಾಡಿ ಎಂದು ಅಕ್ಕಪಕ್ಕದವರು ಕೇಳಿದರೆ, ನಡುವೆ ಒಮ್ಮೊಮ್ಮೆ ಹಾಲಿನ ವ್ಯಾನು ನುಗ್ಗಿಬಿಡುತ್ತದೆ, ಹೆಂಡತಿಗೆ ಕೊಟ್ಟ ಮಾತು ಎನ್ನುತ್ತಿದ್ದರು. ಇಲ್ಲಿಯ ಹೆಂಗಸರೂ ಆಕೆಯನ್ನು ಆಡಿಕೊಳ್ಳತೊಡಗಿದ್ದರು.

ಮರುದಿನ ಬೆಳಿಗ್ಗೆ ನನ್ನನ್ನೂ ಕರೆದರು. ನಾವು ಹೊರಡುವಾಗ ಹೆಂಡತಿಯೂ ಚಪ್ಪಲಿ ಮೆಟ್ಟಿಕೊಂಡು ಬಂದರು. ಅವರು ಹಾಗೆ ಬಂದದ್ದು ಅದೇ ಮೊದಲು. ಸಮುದ್ರದ ಕಡೆಯಿಂದ ಗಾಳಿ ಜೋರಾಗಿತ್ತು. ಮುದುಕರು, ಹುಡುಗಿಯರು, ಸ್ವೆಟರ್ ಹಾಕಿದ ನಾಯಿಗಳು, ಎಲ್ಲರೂ ರಸ್ತೆಯ ನಡುವೆ ನಡೆಯುತ್ತಿದ್ದರು. ಸಾಹೇಬರು ಸೈಕಲ್ ತಳ್ಳುತ್ತ ನನಗೆ ಫ್ರಾನ್ಸಿನ ವಿಮಾನದ ತೊಂದರೆಗಳನ್ನು ವಿವರಿಸುತ್ತಿದ್ದರು. ಆಕೆ ನಡುವೆ ನಿಂತುಬಿಟ್ಟರು.

"ಏಮಂಡಿ" ಎಂದರು. ಸಾಹೇಬರೂ ನಿಂತರು.

"ಗಾಡಿ ಇರೂ ರಸ್ತೇದಾಗ ಸೈಕಲ್ ಹತ್ತಬಾರದು ಅಂತ ನಿಮ್ಮ ಕಡೆ ಮಾತು ತಗೊಂಡಿದ್ನಲ್ಲಾ, ಅದನ್ನ ಇವತ್ತ ನಾ ಬಿಟ್ಟುಕೊಟ್ಟೀನಿ. ಹಾಲಿನ ವ್ಯಾನ್ ಬಂದ್ರ ಬರಲಿ. ಹತ್ರಿ."

ಸಾಹೇಬರು ಹೆಂಡತಿಯ ಮುಖ ನೋಡಿದರು. ಅಷ್ಟು ಹೊತ್ತು ಅವರು ಯಾರನ್ನೂ ನೋಡಿದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನೋಡಿದಿಲ್ಲೊ ತಂಗಿ, ಆಕೀನ ಬಿಟ್ಟುಕೊಟ್ಟಾಳ" ಎಂದರು. ಎಡಗಾಲು ಪೆಡಲಿಗೆ ಇಟ್ಟರು. ಒಂದು ಹೆಜ್ಜೆ, ಎರಡು ಹೆಜ್ಜೆ, ಮೂರು. ನಾನು ಕಣ್ಣು ಮುಚ್ಚಿಕೊಂಡೆ. ತೆಗೆದಾಗ ಅವರು ಸೀಟಿನ ಮೇಲಿದ್ದರು. ಹ್ಯಾಂಡಲ್ಲು ಆ ಕಡೆ ಈ ಕಡೆ ತೂಗಾಡುತ್ತಿತ್ತು. ಎದುರಿಗೆ ಯಾರಿಲ್ಲದಿದ್ದರೂ ಬೆಲ್ಲು ಬಾರಿಸುತ್ತ, ನಡೆಯುವವರಿಗಿಂತ ತುಸುವೇ ಬೇಗ ಹೋಗುತ್ತಿದ್ದರು.

ಅಂತೂ ಇಷ್ಟು ವರ್ಷದ ಮೇಲೆ ಮಾತು ಬಿಟ್ಟುಕೊಟ್ಟಿರಲ್ಲ ಎಂದು ನಾನು ಆಕೆಗೆ ಹೇಳಿದೆ.

"ಯಾವ ಮಾತವ್ವಾ? ನಾ ಯಾವಾಗೂ ಮಾತು ತಗೊಂಡೇ ಇಲ್ಲ" ಎಂದರು, ಗಂಡನ ಬೆನ್ನಿನಿಂದ ಕಣ್ಣು ಕೀಳದೆ. "ದವಾಖಾನಿಯಿಂದ ಬಂದ ಮ್ಯಾಲೆ ಅವರೇ ಮಂದಿ ಮುಂದ ಹಂಗ ಹೇಳಿಬಿಟ್ರು. ನಾಲ್ಕ್ ತಿಂಗಳಿಗೊಂದು ಜೋಡು ಚಪ್ಪಲಿ ಸವಸ್ತಿದ್ರು, ನನಗ ತಿಳೀಲಾರದ ಇರ್ತದೇನು? ಹೆದರ್ಯಾರ ಅಂತ ಯಾರೂ ಅನಬಾರದು. ನನಗ ಗಯ್ಯಾಳಿ ಅಂದ್ರ ಅನಲಿ."

ಕ್ವಾರ್ಟರ್ಸಿನಲ್ಲಿ ನಾನು ಸೇರಿಸಿದ್ದ ಆ ಒಂದು ಮಾತಿಗೆ ಅಲ್ಲೇ ಕ್ಷಮೆ ಕೇಳಬೇಕೆನಿಸಿತು. ಕೇಳುವ ಬದಲು ಆಕೆಯ ಪಕ್ಕಕ್ಕೆ ಹೋಗಿ ನಿಂತೆ.

ಸಾಹೇಬರು ದೂರದಲ್ಲಿ ತಿರುಗಿಸಲು ಹೋಗಿ ಕಾಲೂರಿ, ಮತ್ತೆ ಹತ್ತಿ, ನಮ್ಮ ಹತ್ತಿರ ಬಂದು ಬ್ರೇಕು ಹಿಡಿದರು. ಮೈಯೆಲ್ಲ ಬೆವರು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಮುಖ ಮಾತ್ರ ಎಂದಿನಷ್ಟೇ ಗಂಭೀರ. ಇಳಿಯಲಿಲ್ಲ. ಒಂದು ಕಾಲು ನೆಲಕ್ಕೆ ಊರಿಕೊಂಡೇ, ಹೆಂಡತಿಯನ್ನು ಇನ್ನೊಂದು ಸುತ್ತು ಹೋಗಿ ಬರಲೇ ಎಂದು ಕೇಳಿದರು.

ಆಕೆ ತಕ್ಷಣ ಒಪ್ಪಲಿಲ್ಲ. ಸೆರಗು ಸರಿಮಾಡಿಕೊಂಡು, ರಸ್ತೆಯ ಎರಡೂ ಕಡೆ ನೋಡಿ, ಗತ್ತಿನಿಂದ, "ಹೂಂ, ಒಂದು ಸುತ್ತು ಮಾತ್ರ. ಲಗೂನ ಬರ್ರಿ" ಎಂದು ಅಪ್ಪಣೆ ಕೊಟ್ಟರು.